ಒಂದು ಹನಿಯ ಸಾಕ್ಷ್ಯ

(ಆಕಾಶವಾಣಿ ಭಾಷಣ)

ಸಂಡೂರಿನ ಕಣಿವೆಗೆ ಮೊದಲ ಸಲ ಬಂದವರು ಒಂದು ಸಂಗತಿಯನ್ನು ಗಮನಿಸದೆ ಇರಲಾರರು. ಇಲ್ಲಿ ಮಳೆಯ ನೀರೂ ಕೆಂಪು, ದಾರಿಯ ಧೂಳೂ ಕೆಂಪು, ಬೆಳಿಗ್ಗೆ ಒಗೆದು ಹರವಿದ ಬಿಳಿಯ ಪಂಚೆಯ ಅಂಚೂ ಸಂಜೆಯ ಹೊತ್ತಿಗೆ ಕೆಂಪು. ಬೆಟ್ಟಗಳ ಒಡಲಲ್ಲಿರುವ ಕಬ್ಬಿಣದ ಅದಿರೇ ಇದಕ್ಕೆ ಕಾರಣ. ಆ ಅದಿರನ್ನು ಭೂವಿಜ್ಞಾನಿಗಳು ಹೆಮಟೈಟ್ ಎಂದು ಕರೆಯುತ್ತಾರೆ. ಗ್ರೀಕ್ ಭಾಷೆಯಲ್ಲಿ 'ಹೈಮ' ಎಂದರೆ ರಕ್ತ. ಅರೆದರೆ ರಕ್ತದ ಬಣ್ಣದ ಪುಡಿಯಾಗುವ ಕಲ್ಲಾದುದರಿಂದ ಅದಕ್ಕೆ ಆ ಹೆಸರು ಬಂದಿತು. ನಮ್ಮ ರಕ್ತಕ್ಕೆ ಬಣ್ಣ ಕೊಡುವ ಹಿಮೋಗ್ಲೋಬಿನ್ ಎಂಬ ವಸ್ತುವಿನ ಹೆಸರೂ ಅದೇ ಮೂಲದ್ದು, ಅದರ ನಡುವೆ ಕುಳಿತಿರುವುದೂ ಕಬ್ಬಿಣವೇ. ವಯಸ್ಸಿಗೆ ಬಂದ ಒಬ್ಬ ಮನುಷ್ಯನ ದೇಹದಲ್ಲಿರುವ ಒಟ್ಟು ಕಬ್ಬಿಣ ಮೂರು ನಾಲ್ಕು ಗ್ರಾಂ. ಒಂದು ಸಣ್ಣ ಮೊಳೆಗೆ ಸಾಕಾಗುವಷ್ಟು.

ನಾನು ಇತಿಹಾಸಕಾರನಲ್ಲ. ಸಂಡೂರು, ಹೊಸಪೇಟೆ, ಕಂಪ್ಲಿಗಳ ಸುತ್ತಿನಲ್ಲಿ ಮೂರು ದಶಕಗಳಿಗೂ ಮೀರಿ ಜನರ ರಕ್ತವನ್ನು ತೆಗೆದು ಪರೀಕ್ಷಿಸುವುದೇ ನನ್ನ ವೃತ್ತಿಯಾಗಿತ್ತು. ಒಬ್ಬರ ಮುಂಗೈಯನ್ನು ಹಿಡಿದು ಸೂಜಿ ಚುಚ್ಚುವವನಿಗೆ, ತನಗಿಂತ ಮೊದಲು ಇದೇ ಕೆಲಸವನ್ನು ಮಾಡಿದವರು ಯಾರು, ಯಾವ ನಂಬಿಕೆಯಿಂದ ಮಾಡಿದರು ಎಂಬ ಕುತೂಹಲ ಹುಟ್ಟುವುದು ಸಹಜ. ಆ ಕುತೂಹಲದಿಂದ ಓದಿ ತಿಳಿದುದನ್ನೂ, ಕೆಲಸದಲ್ಲಿ ಕಂಡುದನ್ನೂ ನಿಮ್ಮ ಮುಂದಿಡುತ್ತೇನೆ.

ಮನುಷ್ಯನು ಮನುಷ್ಯನ ಮೈಯಿಂದ ರಕ್ತವನ್ನು ತೆಗೆಯತೊಡಗಿ ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲವಾಗಿದೆ. ಆದರೆ ಈ ದೀರ್ಘಾವಧಿಯ ಬಹುಪಾಲು ಆತ ಅದನ್ನು ತೆಗೆದದ್ದು ಚೆಲ್ಲುವುದಕ್ಕಾಗಿ. ತಿಳಿಯುವುದಕ್ಕಾಗಿ ತೆಗೆಯಲು ಕಲಿತದ್ದು ತೀರ ಈಚೆಗೆ. ಅದು ಹೆಚ್ಚೆಂದರೆ ನೂರೈವತ್ತು ವರ್ಷಗಳ ಮಾತು.

ನಮ್ಮ ಆಯುರ್ವೇದದಲ್ಲಿ ಇದಕ್ಕೆ ರಕ್ತಮೋಕ್ಷಣವೆಂದು ಹೆಸರು. ಸುಶ್ರುತ ಸಂಹಿತೆಯಲ್ಲಿ ಇದರ ವಿಚಾರ ವಿಸ್ತಾರವಾಗಿ ಬಂದಿದೆ. ಪ್ರಾಣಿಯ ಕೊಂಬು, ಸೋರೆಯ ಬುರುಡೆ, ಜಿಗಣೆ—ಇವು ರಕ್ತವನ್ನು ಹೀರಿ ತೆಗೆಯುವ ಸಾಧನಗಳು. ಇವಲ್ಲದೆ ಶಸ್ತ್ರದಿಂದ ಸಿರೆಯನ್ನೇ ಚುಚ್ಚುವ ವಿಧಾನವೂ ಉಂಟು. ಶಲ್ಯಶಾಸ್ತ್ರದಲ್ಲಿ ಅದು ಅರ್ಧ ಚಿಕಿತ್ಸೆಗೆ ಸಮವೆಂದು ಗ್ರಂಥಕಾರನ ಅಭಿಪ್ರಾಯ. ಜಿಗಣೆಗಳಲ್ಲಿ ಹನ್ನೆರಡು ಬಗೆ, ಅವುಗಳಲ್ಲಿ ಆರು ವಿಷದವು, ಆರು ವಿಷವಿಲ್ಲದವು. ಅವುಗಳನ್ನು ಹೊಸ ಮಡಕೆಯಲ್ಲಿ ಕೆರೆಯ ನೀರು, ಕೆಸರು ಹಾಕಿ ಸಾಕಬೇಕು. ಮೂರು ದಿನಕ್ಕೊಮ್ಮೆ ನೀರನ್ನೂ, ಏಳು ದಿನಕ್ಕೊಮ್ಮೆ ಮಡಕೆಯನ್ನೂ ಬದಲಿಸಬೇಕು. ಬಾಲಕರು, ವೃದ್ಧರು, ಗರ್ಭಿಣಿಯರು, ದಣಿದವರು, ಹೆದರಿದವರು—ಇವರ ಸಿರೆಯನ್ನು ಚುಚ್ಚಲಾಗದು. ಹೆದರಿದವರನ್ನು ಈ ಪಟ್ಟಿಯಲ್ಲಿ ಸೇರಿಸಿದವನು ರೋಗಿಯ ಪಕ್ಕದಲ್ಲಿ ಕುಳಿತು ನೋಡಿದವನೇ ಆಗಿರಬೇಕು ಎಂದು ನನಗೆ ಅನ್ನಿಸುತ್ತದೆ. ಹೆದರಿದವರ ಕೈಯಲ್ಲಿ ಸಿರೆ ಸಿಗುವುದೇ ಕಷ್ಟ. ಸಿಕ್ಕರೂ ಕಣ್ಣು ಕತ್ತಲೆ ಬಂದು ಅವರು ಒರಗಿಬಿಡುತ್ತಾರೆ. ಇದನ್ನು ನಾನು ನೂರಾರು ಸಲ ಕಂಡಿದ್ದೇನೆ.

ಹಾಲನ್ನೂ ನೀರನ್ನೂ ಬೇರ್ಪಡಿಸುವ ಹಂಸದಂತೆ ಜಿಗಣೆಯು ಮೊದಲು ಕೆಟ್ಟ ರಕ್ತವನ್ನೇ ಹೀರುತ್ತದೆಂದು ವಾಗ್ಭಟ ಬರೆದಿದ್ದಾನೆ. ಈ ಹೋಲಿಕೆ ಸೊಗಸಾಗಿದೆ; ಆದರೆ ಜಿಗಣೆಗೆ ಅಂಥ ವಿವೇಕವಿಲ್ಲ. ಅದಕ್ಕೆ ಬೇರೊಂದು ವಿದ್ಯೆ ಗೊತ್ತು. ಅದರ ಬಾಯಿಯ ರಸದಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತುವಿದೆಯೆಂದು 1884ರಲ್ಲಿ ಜಾನ್ ಹೇಕ್ರಾಫ್ಟ್ ಎಂಬ ವಿಜ್ಞಾನಿ ತೋರಿಸಿಕೊಟ್ಟ. ಹೆಪ್ಪುಗಟ್ಟದಂತೆ ರಕ್ತವನ್ನು ಕಾಪಾಡುವ ಇದೇ ವಿದ್ಯೆ ಮುಂದೆ ಪ್ರಯೋಗಾಲಯದ ಆಧಾರವೇ ಆಯಿತು.

ಯುರೋಪಿನಲ್ಲಿ ಈ ಕೆಲಸ ಬಹುಕಾಲ ಕ್ಷೌರಿಕರ ಕೈಯಲ್ಲಿತ್ತು. ಜ್ವರಕ್ಕೂ ರಕ್ತ ತೆಗೆ, ತಲೆನೋವಿಗೂ ತೆಗೆ, ಕೆಮ್ಮಿಗೂ ತೆಗೆ ಎಂಬುದು ಅಲ್ಲಿಯ ಕ್ರಮವಾಗಿತ್ತು. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ 1799ರ ಡಿಸೆಂಬರ್ 14ರಂದು ಗಂಟಲ ಬೇನೆಯಿಂದ ತೀರಿಕೊಂಡ. ಬೆಳಿಗ್ಗೆ ತನ್ನ ಜಮೀನಿನ ಮೇಲ್ವಿಚಾರಕನನ್ನು ಕರೆಸಿ ಆತನೇ ರಕ್ತ ತೆಗೆಸಿಕೊಂಡಿದ್ದ. ಆಮೇಲೆ ಬಂದ ವೈದ್ಯರು ಮತ್ತೆ ಮತ್ತೆ ತೆಗೆದರು. ಒಂದೇ ದಿನದಲ್ಲಿ ಎರಡು ಲೀಟರಿಗೂ ಮಿಕ್ಕ ರಕ್ತ ಹೊರಗೆ ಹೋಗಿತ್ತು. ಯಾರದೂ ದುರುದ್ದೇಶವಲ್ಲ, ಎಲ್ಲರೂ ಆತನನ್ನು ಉಳಿಸಬೇಕೆಂದೇ ಹೆಣಗಿದವರು. 1833ನೆಯ ಒಂದು ವರ್ಷದಲ್ಲಿ ಫ್ರಾನ್ಸ್ ದೇಶವು ಹೊರಗಿನಿಂದ ತರಿಸಿಕೊಂಡ ಜಿಗಣೆಗಳ ಸಂಖ್ಯೆ 4 ಕೋಟಿಗೂ ಹೆಚ್ಚು. ಅದೇ ಫ್ರಾನ್ಸಿನ ಪಿಯರ್ ಲೂಯಿ ಎಂಬ ವೈದ್ಯ ಒಂದು ಸರಳವಾದ ಕೆಲಸ ಮಾಡಿದ. ಯಾವ ರೋಗಿಗೆ ರೋಗದ ಎಷ್ಟನೆಯ ದಿನ ರಕ್ತ ತೆಗೆದರು, ಅವರಲ್ಲಿ ಬದುಕಿದವರೆಷ್ಟು, ಸತ್ತವರೆಷ್ಟು ಎಂಬುದನ್ನು ಕೂತು ಎಣಿಸಿದ. 1835ರಲ್ಲಿ ಪ್ರಕಟವಾದ ಆ ಲೆಕ್ಕದಿಂದ ತಿಳಿದುಬಂದದ್ದೇನೆಂದರೆ, ಎರಡು ಸಾವಿರ ವರ್ಷಗಳ ಆ ಚಿಕಿತ್ಸೆಯ ಫಲ ಜನ ನಂಬಿದ್ದಕ್ಕಿಂತ ಬಹಳ ಕಡಿಮೆ ಎಂಬುದು.

ಇದಕ್ಕೂ ಇನ್ನೂರು ವರ್ಷ ಹಿಂದೆ ನಡೆದ ಒಂದು ಪ್ರಯೋಗವನ್ನು ಇಲ್ಲಿ ನೆನೆಯಬೇಕು. ಸಾವಿರಾರು ವರ್ಷ ಸಿರೆಗಳನ್ನು ಕೊಯ್ದವರಿಗೆ ಅವುಗಳೊಳಗೆ ರಕ್ತ ಯಾವ ಕಡೆಗೆ ಹರಿಯುತ್ತದೆಂಬುದು ತಿಳಿದಿರಲಿಲ್ಲ. ಇಂಗ್ಲೆಂಡಿನ ವಿಲಿಯಂ ಹಾರ್ವೆ 1628ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅದನ್ನು ತೋರಿಸಿಕೊಟ್ಟ. ತೋಳಿಗೆ ಒಂದು ಪಟ್ಟಿಯನ್ನು ಬಿಗಿದರೆ ಮುಂಗೈಯ ಸಿರೆಗಳು ಉಬ್ಬುತ್ತವೆ. ಅಲ್ಲಲ್ಲಿ ಸಣ್ಣ ಗಂಟುಗಳಂತೆ ಅವುಗಳ ಕವಾಟಗಳು ಕಾಣುತ್ತವೆ. ಉಬ್ಬಿದ ಸಿರೆಯಲ್ಲಿ ರಕ್ತವನ್ನು ಬೆರಳಿನಿಂದ ಅಂಗೈಯ ಕಡೆಗೆ ತಳ್ಳಲು ನೋಡಿದರೆ ಕವಾಟ ತಡೆಯುತ್ತದೆ. ತೋಳಿನ ಕಡೆಗೆ ತಳ್ಳಿದರೆ ಸರಾಗವಾಗಿ ಹೋಗುತ್ತದೆ. ಸಿರೆಗಳ ರಕ್ತ ಹೃದಯಕ್ಕೆ ಮರಳುತ್ತಿದೆ ಎಂಬುದಕ್ಕೆ ಇದು ಸಾಕ್ಷಿ. ಇಂದು ಯಾವುದೇ ಆಸ್ಪತ್ರೆಯಲ್ಲಿ ನಿಮ್ಮ ತೋಳಿಗೆ ರಬ್ಬರಿನ ಪಟ್ಟಿ ಬಿಗಿದಾಗ ನಡೆಯುವುದು ಹಾರ್ವೆಯ ಪ್ರಯೋಗವೇ.

ಈಗ ನಮ್ಮ ಸೀಮೆಗೆ ಬರುತ್ತೇನೆ. ಸಂಡೂರಿನ ಬೆಟ್ಟಸಾಲಿನ ಮೇಲೆ ಮೂರು ಸಾವಿರ ಅಡಿಗೂ ಮೀರಿದ ಎತ್ತರದಲ್ಲಿ ರಾಮನದುರ್ಗವೆಂಬ ಸ್ಥಳವಿದೆ. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ, ಸಂಡೂರು ಘೋರ್ಪಡೆ ಮನೆತನದ ಆಳ್ವಿಕೆಯ ಸಂಸ್ಥಾನವಾಗಿದ್ದಾಗ, ಮದರಾಸು ಸರ್ಕಾರ ಅಲ್ಲೊಂದು ಆರೋಗ್ಯಧಾಮವನ್ನು ಸ್ಥಾಪಿಸಿತು. ಬಳ್ಳಾರಿಯ ದಂಡಿನ ಬಿಳಿಯ ಸಿಪಾಯಿಗಳು ಕಾಯಿಲೆ ಬಿದ್ದಾಗ ಬೆಟ್ಟ ಹತ್ತಿ ಅಲ್ಲಿ ಸುಧಾರಿಸಿಕೊಳ್ಳಬೇಕು ಎಂಬುದು ಉದ್ದೇಶ. ಕೆಳಗೆ ವಿಜಯನಗರದ ಅರಸರ ಕಾಲದ ರಾಯ ಕಾಲುವೆ, ಬಸವಣ್ಣ ಕಾಲುವೆ, ತುರ್ತಾ ಕಾಲುವೆಗಳು. ಅವುಗಳ ನೀರುಂಡು ಬೆಳೆದ ಬತ್ತ, ಕಬ್ಬು, ಬಾಳೆ. ಆ ಹಸಿರಿನ ನಡುವೆ ವರ್ಷ ವರ್ಷವೂ ಚಳಿಜ್ವರ. ಜೌಗಿನಿಂದೇಳುವ ಕೆಟ್ಟ ಗಾಳಿಯೇ ಜ್ವರದ ಮೂಲವೆಂದು ಆಗ ವಿದ್ಯಾವಂತರೂ ನಂಬಿದ್ದರು. ಮಲೇರಿಯ ಎಂಬ ಇಟಲಿಯ ಮಾತಿನ ಅರ್ಥವೇ ಕೆಟ್ಟ ಗಾಳಿ. ಗಾಳಿ ಕೆಟ್ಟದ್ದಾದರೆ ಗಾಳಿ ಬದಲಿಸುವುದೇ ಮದ್ದಲ್ಲವೆ? ಆದುದರಿಂದ ಬೆಟ್ಟ ಹತ್ತಿದರು. ಉತ್ತರ ತಮ್ಮ ಮೈಯ ರಕ್ತದಲ್ಲಿಯೇ ಇತ್ತೆಂಬುದು ಅವರಿಗೆ ತಿಳಿಯಲಿಲ್ಲ.

ಆ ಉತ್ತರವನ್ನು ಮೊದಲು ಕಂಡವನು ಅಲ್ಜೀರಿಯದಲ್ಲಿದ್ದ ಫ್ರೆಂಚ್ ಸೇನಾ ವೈದ್ಯ ಲಾವೆರಾನ್. 1880ರ ನವೆಂಬರ್ 6ರಂದು, ಜ್ವರದಿಂದ ನರಳುತ್ತಿದ್ದ ಸೈನಿಕನೊಬ್ಬನ ಹಸಿರಕ್ತವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುವಾಗ, ಬಾಲದಂಥ ಎಳೆಗಳನ್ನು ಬೀಸುತ್ತ ಚಲಿಸುವ ಜೀವಿಯೊಂದು ಅವನ ಕಣ್ಣಿಗೆ ಬಿತ್ತು. ಈ ಜೀವಿ ಒಬ್ಬರಿಂದ ಇನ್ನೊಬ್ಬರಿಗೆ ಹೇಗೆ ದಾಟುತ್ತದೆಂಬ ಪ್ರಶ್ನೆಗೆ ಉತ್ತರ ದೊರೆತದ್ದು ನಮ್ಮ ನೆರೆಯಲ್ಲಿ. ರೊನಾಲ್ಡ್ ರಾಸ್ 1883ರಲ್ಲಿ ಬೆಂಗಳೂರಿನಲ್ಲಿ ಸೇನಾ ವೈದ್ಯನಾಗಿದ್ದಾಗ, ತನ್ನ ಬಂಗಲೆಯ ಕಿಟಕಿಯ ಹೊರಗಿದ್ದ ನೀರಿನ ಪೀಪಾಯಿಯಲ್ಲಿ ಸೊಳ್ಳೆಯ ಮರಿಗಳಿರುವುದನ್ನು ಕಂಡು ಅದನ್ನು ಬರಿದುಮಾಡಿಸಿದ. ಮನೆಯೊಳಗೆ ಸೊಳ್ಳೆಯ ಕಾಟ ತಗ್ಗಿತು. ಸೊಳ್ಳೆಗೂ ಜ್ವರಕ್ಕೂ ಇರುವ ನಂಟು ಆಗ ಅವನಿಗೆ ಹೊಳೆದಿರಲಿಲ್ಲ. ಹದಿನಾಲ್ಕು ವರ್ಷಗಳ ಮೇಲೆ, 1897ರ ಆಗಸ್ಟ್ 20ರಂದು, ಸಿಕಂದರಾಬಾದಿನಲ್ಲಿ ಸೊಳ್ಳೆಯ ಜಠರದ ಗೋಡೆಯಲ್ಲಿ ಆ ಜೀವಿಯ ಮುಂದಿನ ಅವಸ್ಥೆಯನ್ನು ಅವನು ಗುರುತಿಸಿದ. ಆ ಸೊಳ್ಳೆಗಳು ರಕ್ತ ಕುಡಿದದ್ದು ಹುಸೇನ್ ಖಾನ್ ಎಂಬ ರೋಗಿಯಿಂದ. ಕಚ್ಚಿಸಿಕೊಂಡ ಪ್ರತಿ ಸೊಳ್ಳೆಗೆ ಅವನಿಗೆ ಒಂದಾಣೆ ಕೂಲಿ. ರಾಸ್‌ಗೆ 1902ರಲ್ಲಿ ನೊಬೆಲ್ ಬಹುಮಾನ ಬಂದಿತು. ಹುಸೇನ್ ಖಾನ್‌ಗೆ ಆಣೆಗಳಷ್ಟೇ ಸಂದವು. ಆದರೂ ಅವನ ಹೆಸರು ಉಳಿಯಿತು. ವೈದ್ಯವಿಜ್ಞಾನದ ಚರಿತ್ರೆಯಲ್ಲಿ ರಕ್ತ ಕೊಟ್ಟವನ ಹೆಸರು ಉಳಿದಿರುವುದು ಬಹು ವಿರಳ.

ರಕ್ತದ ಲೇಪಕ್ಕೆ ಬಣ್ಣ ಹಾಕುವ ವಿಧಾನವೂ ಇದೇ ಕಾಲದಲ್ಲಿ ಬೆಳೆಯಿತು. ರಷ್ಯದ ರೊಮನೊವ್‌ಸ್ಕಿ 1891ರಲ್ಲಿ ನೀಲಿ ಮತ್ತು ಕೆಂಪು ಬಣ್ಣಗಳನ್ನು ಬೆರೆಸಿ ದಾರಿ ತೋರಿಸಿದ. ಲೀಷ್ಮನ್, ಗೀಮ್ಸಾ ಮೊದಲಾದವರು ಅದನ್ನು ಹಸನುಗೊಳಿಸಿದರು. ಲೀಷ್ಮನ್ ಬಣ್ಣದ ಸೀಸೆಯಿಲ್ಲದ ಪ್ರಯೋಗಾಲಯವನ್ನು ನಾನು ನಮ್ಮ ಸೀಮೆಯಲ್ಲಿ ಕಂಡಿಲ್ಲ. ಈ ಬಣ್ಣ ಬಿದ್ದಾಗ ಚಳಿಜ್ವರದ ಎಳೆಯ ಜೀವಿ ಕೆಂಪು ರಕ್ತಕಣದೊಳಗೆ ನೀಲಿಯ ಉಂಗುರವಾಗಿ, ಅದರ ಅಂಚಿನಲ್ಲಿ ಕೆಂಪು ಹರಳಾಗಿ ಕಾಣುತ್ತದೆ. ಮೊದಲ ಸಲ ಅದನ್ನು ಕಂಡ ದಿನ, ಇಷ್ಟು ಚೆಲುವಾದ ವಸ್ತು ಇಷ್ಟು ಕ್ರೂರವೆ ಎಂದು ನಾನು ಬೆರಗಾಗಿದ್ದೆ.

ಸ್ವಾತಂತ್ರ್ಯ ಬಂದ ಹೊತ್ತಿಗೆ ನಮ್ಮ ದೇಶದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನ ಮಲೇರಿಯಕ್ಕೆ ತುತ್ತಾಗುತ್ತಿದ್ದರು, ಎಂಟು ಲಕ್ಷ ಜನ ಸಾಯುತ್ತಿದ್ದರು ಎಂದು ಅಂದಾಜು. 1953ರಲ್ಲಿ ರಾಷ್ಟ್ರೀಯ ಮಲೇರಿಯ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. 1958ರಲ್ಲಿ ಅದು ನಿರ್ಮೂಲನ ಕಾರ್ಯಕ್ರಮವಾಯಿತು. ಮನೆಮನೆಗೆ ಡಿಡಿಟಿ ಸಿಂಪಡಿಸಿದರು. 1961ರಲ್ಲಿ ರೋಗಿಗಳ ಸಂಖ್ಯೆ 50,000ದ ಆಸುಪಾಸಿಗೆ ಇಳಿಯಿತು. ಗೆದ್ದೆವೆಂದು ಎಲ್ಲರೂ ನೆಮ್ಮದಿಯಿಂದಿರುವಾಗ ಜ್ವರ ಮರಳಿ, 1976ರಲ್ಲಿ ಸಂಖ್ಯೆ 64 ಲಕ್ಷವನ್ನು ದಾಟಿತು. 1953ರಲ್ಲಿ ನೀರು ನಿಂತ ತುಂಗಭದ್ರೆಯ ಜಲಾಶಯ ನಮ್ಮ ಭಾಗಕ್ಕೆ ಅನ್ನ ಕೊಟ್ಟಿತು ಎಂಬುದನ್ನು ಯಾರೂ ಮರೆಯಲಾರರು. ಆದರೆ ಹಳ್ಳಿಗಾಡಿನಲ್ಲಿ ಮಲೇರಿಯ ಹರಡುವ ಸೊಳ್ಳೆ ತಿಳಿನೀರನ್ನೇ ಬಯಸುವಂಥದು. ಕಾಲುವೆಯ ಬದಿಯ ಹೊಂಡ, ಗದ್ದೆಯ ಅಂಚಿನ ನಿಂತ ನೀರು ಅದಕ್ಕೆ ಒಗ್ಗಿದ ಸ್ಥಳ.

ನಾನು ಕೆಲಸಕ್ಕೆ ಸೇರಿದ್ದು ಆ ದಿನಗಳಲ್ಲಿ, 1978ರಲ್ಲಿ. ಹೆಗಲಿಗೆ ಚೀಲ, ಚೀಲದಲ್ಲಿ ಗಾಜಿನ ಸ್ಲೈಡುಗಳು, ಸೂಜಿ, ಹತ್ತಿ, ಸ್ಪಿರಿಟ್ಟು, ಕ್ಲೋರೋಕ್ವಿನ್ ಮಾತ್ರೆಗಳು. ಹದಿನೈದು ದಿನಕ್ಕೊಮ್ಮೆ ಪ್ರತಿ ಮನೆಗೂ ಹೋಗಿ, ಜ್ವರ ಬಂದವರುಂಟೆ ಎಂದು ಕೇಳಿ, ಗೋಡೆಯ ಮೇಲಿನ ಚೌಕದಲ್ಲಿ ತಾರೀಖು ಬರೆಯಬೇಕು. ಜ್ವರವಿದ್ದವರ ಎಡಗೈಯ ಉಂಗುರದ ಬೆರಳನ್ನು ಒರೆಸಿ, ಆರಲು ಬಿಟ್ಟು, ಚುಚ್ಚಿ, ಮೊದಲ ಹನಿಯನ್ನು ಒರೆಸಿಹಾಕಿ, ಅನಂತರದ ಹನಿಗಳಿಂದ ಒಂದೇ ಸ್ಲೈಡಿನ ಮೇಲೆ ದಪ್ಪ ಲೇಪವೊಂದು, ತೆಳುವಾದ ಲೇಪವೊಂದು ಮಾಡಬೇಕು. ದಪ್ಪ ಲೇಪದಲ್ಲಿ ರೋಗ ಉಂಟೋ ಇಲ್ಲವೋ ಬೇಗ ತಿಳಿಯುತ್ತದೆ. ತೆಳುವಾದುದರಲ್ಲಿ ಅದು ಯಾವ ಜಾತಿಯದೆಂಬುದು ಸ್ಪಷ್ಟವಾಗುತ್ತದೆ. ಕೊನೆಗೆ ಸ್ಲೈಡಿನ ಮೇಲೆ ಸಂಖ್ಯೆ ಬರೆಯಬೇಕು. ಸಂಖ್ಯೆಯಿಲ್ಲದ ಸ್ಲೈಡು ಯಾರ ರಕ್ತವೂ ಅಲ್ಲ.

ಕಂಪ್ಲಿಯ ಕಡೆಯ ಒಂದು ಹಳ್ಳಿಯಲ್ಲಿ ಮುದುಕಿಯೊಬ್ಬಳು ಮೊಮ್ಮಗನನ್ನು ಸೆರಗಿನೊಳಗೆ ಸೇರಿಸಿಕೊಂಡು ಬಾಗಿಲಲ್ಲಿ ಕುಳಿತಿದ್ದಳು. ಹುಡುಗನ ಮೈ ಸುಡುತ್ತಿತ್ತು. ನಾನು ಸೂಜಿ ತೆಗೆದೊಡನೆ ಆಕೆ ಕೈ ಅಡ್ಡ ಹಿಡಿದಳು. "ಯಪ್ಪಾ, ಹೋದ ಸಲ ಬಂದಾತನೂ ಹಿಂಗ ಚುಚ್ಚಿ ಒಯ್ದ. ಏನು ಕಂಡ್ತು ಅಂತ ಹೇಳಾಕ ಬರಲೇ ಇಲ್ಲ. ನಮ್ಮ ರಗತ ಒಯ್ದು ಏನು ಮಾಡ್ತೀರಿ ನೀವು?" ಎಂದಳು.

ಹಳ್ಳಿಯವರ ಅಜ್ಞಾನ, ಮೂಢನಂಬಿಕೆ ಎಂದು ನಮಗೆ ತರಬೇತಿಯಲ್ಲಿ ಹೇಳಿದ್ದರು. ಆದರೆ ಆ ಮಾತಿನಲ್ಲಿ ಅಜ್ಞಾನವೇನೂ ಇರಲಿಲ್ಲ. ತನ್ನ ವಸ್ತುವನ್ನು ಒಯ್ದವನು ಲೆಕ್ಕ ಒಪ್ಪಿಸಲಿಲ್ಲ ಎಂಬ ನ್ಯಾಯವಾದ ದೂರು ಅದು. ಹತ್ತು ದಿನದೊಳಗೆ ನಾನೇ ಬಂದು ಹೇಳುತ್ತೇನೆಂದು ಮಾತು ಕೊಟ್ಟು ಹುಡುಗನ ಬೆರಳನ್ನು ಚುಚ್ಚಿದೆ. ಸ್ಲೈಡಿನಲ್ಲಿ ಉಂಗುರಗಳು ಕಂಡವು. ಮಾತ್ರೆಗಳನ್ನು ಕಟ್ಟಿಕೊಂಡು ಒಂಬತ್ತನೆಯ ದಿನ ಹೋದೆ. ಸೈಕಲ್ಲನ್ನು ಗೋಡೆಗೆ ಒರಗಿಸುತ್ತಿರುವಾಗಲೇ ಆಕೆ, "ಹೇಳಾಕ ಬಂದ್ಯಲ್ಲ ತಮ್ಮಾ" ಎಂದಳು. ಆಮೇಲೆ ಆ ಓಣಿಯಲ್ಲಿ ಯಾರೂ ನನಗೆ ಬೆರಳು ಕೊಡುವುದಿಲ್ಲವೆಂದು ಹೇಳಲಿಲ್ಲ.

ಮುಂದೆ ನಾನು ತರಬೇತಿ ಪಡೆದು ಪ್ರಯೋಗಾಲಯದ ಕೆಲಸಕ್ಕೆ ಬಂದೆ. ಅಲ್ಲಿ ಬೆರಳಿನ ಹನಿ ಸಾಲದು, ಸಿರೆಯಿಂದಲೇ ರಕ್ತ ತೆಗೆಯಬೇಕು. ನನಗೆ ಕಲಿಸಿದ ಹಿರಿಯರು ಮಿತಭಾಷಿಗಳು. ನಮ್ಮ ಕಡೆ ಜನ ಸಿರೆಗೂ ನರವೆಂದೇ ಅನ್ನುತ್ತಾರೆ. "ಕಣ್ಣಿಗೆ ಕಂಡ ನರ ನಂಬಬೇಡ, ಬೆರಳಿಗೆ ಸಿಕ್ಕ ನರ ನಂಬು" ಎಂಬುದು ಅವರ ಮೊದಲ ಪಾಠ. ಮೊಣಕೈಯ ಮಡಿಕೆಯಲ್ಲಿ ಅಡ್ಡವಾಗಿ ಹಾಯುವ ಸಿರೆ ಬಹುಮಂದಿಯಲ್ಲಿ ದಪ್ಪವಾಗಿಯೂ ಸ್ಥಿರವಾಗಿಯೂ ಇರುತ್ತದೆ. ಅದಕ್ಕೆ ಮೂರು ನಾಲ್ಕು ಅಂಗುಲ ಮೇಲೆ ಪಟ್ಟಿ ಬಿಗಿಯಬೇಕು. ಒಂದು ನಿಮಿಷಕ್ಕಿಂತ ಹೆಚ್ಚು ಬಿಡಬಾರದು. ಬಿಟ್ಟರೆ ನೀರಿನಂಶ ಸಿರೆಯಿಂದ ಹೊರಗೆ ಜಿನುಗಿ, ಒಳಗೆ ಉಳಿದ ರಕ್ತ ಮಂದವಾಗುತ್ತದೆ. ಪರೀಕ್ಷೆ ಸುಳ್ಳು ಹೇಳುತ್ತದೆ. ಸ್ಪಿರಿಟ್ಟು ಪೂರ್ತಿ ಆರಬೇಕು. ಸೂಜಿಯ ಓರೆಬಾಯಿ ಮೇಲ್ಮುಖವಾಗಿರಬೇಕು, ಕೈ ಓರೆಯಾಗಿ ತಗ್ಗಿರಬೇಕು. ಸೂಜಿಯನ್ನು ಹೊರಗೆಳೆಯುವ ಮೊದಲು ಪಟ್ಟಿಯನ್ನು ಸಡಿಲಿಸಬೇಕು. ಆಮೇಲೆ ಹತ್ತಿಯನ್ನು ಒತ್ತಿ, ಕೈಯನ್ನು ನೀಡಿಯೇ ಹಿಡಿದುಕೊಳ್ಳುವಂತೆ ಹೇಳಬೇಕು. ಮಡಿಸಿದರೆ ಚರ್ಮದಡಿ ರಕ್ತ ಕಂತಿ ಕಪ್ಪಾಗುತ್ತದೆ.

ಆಗ ಗಾಜಿನ ಸಿರಿಂಜುಗಳ ಕಾಲ. ಬೆಳಿಗ್ಗೆ ಎದ್ದರೆ ಸಿರಿಂಜು, ಸೂಜಿಗಳನ್ನು ಕುದಿಸುವುದೇ ಮೊದಲ ಕೆಲಸ. ಸೂಜಿಯ ತುದಿಯನ್ನು ಹತ್ತಿಯ ಮೇಲೆ ಎಳೆದು ನೋಡುತ್ತಿದ್ದೆವು. ಎಳೆ ಸಿಕ್ಕಿಕೊಂಡರೆ ಸೂಜಿ ಮೊಂಡಾಗಿದೆಯೆಂದು ಅರ್ಥ, ಅದನ್ನು ಸಾಣೆಕಲ್ಲಿಗೆ ಉಜ್ಜಬೇಕು. ಹಿಮೋಗ್ಲೋಬಿನ್ ಅಳೆಯಲು ಸ್ವಿಟ್ಸರ್ಲೆಂಡಿನ ಸಾಹ್ಲಿ ಎಂಬಾತ ಕಂಡುಹಿಡಿದ ಉಪಕರಣ. ಸಣ್ಣ ಕೊಳವೆಯಲ್ಲಿ ತೆಳುವಾದ ಆಮ್ಲವನ್ನು ಹಾಕಿ, ಅದಕ್ಕೆ ಅಳತೆಯ ರಕ್ತ ಬೆರೆಸಿ, ಹತ್ತು ನಿಮಿಷ ಕಾದು, ಪಕ್ಕದ ಕಂದು ಗಾಜಿನ ಬಣ್ಣಕ್ಕೆ ಸರಿಹೊಂದುವವರೆಗೆ ಹನಿ ಹನಿಯಾಗಿ ನೀರು ಸೇರಿಸುತ್ತ ಹೋಗಬೇಕು. ಕಿಟಕಿಯ ಬೆಳಕಿಗೆ ಆ ಕೊಳವೆಯನ್ನು ಎತ್ತಿ ಹಿಡಿದಾಗ ಆಚೆ ಕೆಂಪು ಬೆಟ್ಟಗಳು ಕಾಣುತ್ತಿದ್ದವು. ಬೆಟ್ಟದಲ್ಲಿ ಅದಿರನ್ನು ಒಡೆದು ಬುಟ್ಟಿಯಲ್ಲಿ ಹೊರುವ ಹೆಣ್ಣುಮಕ್ಕಳು ಪರೀಕ್ಷೆಗೆ ಬರುತ್ತಿದ್ದರು. ಗರ್ಭಿಣಿಗೆ ಕನಿಷ್ಠ 11 ಗ್ರಾಂ ಇರಬೇಕಾದಲ್ಲಿ ಏಳು, ಎಂಟು ಗ್ರಾಂ ಎಂದು ಎಷ್ಟು ಚೀಟಿಗಳ ಮೇಲೆ ಬರೆದೆನೋ ಲೆಕ್ಕವಿಲ್ಲ. ದಿನವಿಡೀ ತಲೆಯ ಮೇಲೆ ಕಬ್ಬಿಣ ಹೊತ್ತವರ ರಕ್ತದಲ್ಲಿ ಕಬ್ಬಿಣವಿರಲಿಲ್ಲ. ಇದನ್ನು ಹೇಳಲು ನನಗೆ ಬೇರೆ ಮಾತು ತಿಳಿಯದು.

ಸೂಜಿಯನ್ನು ಕುದಿಸಿ ಮತ್ತೆ ಬಳಸುವ ಆ ಕಾಲಕ್ಕೆ ಕೊನೆ ಬಂದದ್ದು ಭಯದಿಂದ. 1986ರ ಆರಂಭದಲ್ಲಿ ಮದರಾಸಿನಲ್ಲಿ ನಿರ್ಮಲಾ ಎಂಬ ಯುವ ವೈದ್ಯೆ, ತಮ್ಮ ಗುರು ಸುನೀತಿ ಸೊಲೊಮನ್ ಅವರ ಸೂಚನೆಯಂತೆ, ಲೈಂಗಿಕ ವೃತ್ತಿಯಲ್ಲಿದ್ದ ಹೆಂಗಸರ ರಕ್ತದ ಮಾದರಿಗಳನ್ನು ಕೂಡಿಸಿದರು. ಕೈಗವಸಿಲ್ಲ, ಬೇರೆ ರಕ್ಷಣೆಯಿಲ್ಲ. ಮಾದರಿಗಳನ್ನು ಇಟ್ಟದ್ದು ಮನೆಯ ಫ್ರಿಜ್ಜಿನಲ್ಲಿ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಪರೀಕ್ಷಿಸಿದಾಗ ಎಚ್.ಐ.ವಿ. ನಮ್ಮ ದೇಶಕ್ಕೆ ಬಂದಿದೆಯೆಂಬುದು ಮೊದಲ ಬಾರಿಗೆ ತಿಳಿಯಿತು. ದೇಶವನ್ನು ಎಚ್ಚರಿಸಿದ ಸಾಕ್ಷ್ಯವನ್ನು ಕೊಟ್ಟವರು ಆ ಹೆಂಗಸರು. ಯಾವ ರೋಗಕ್ಕಾಗಿ ಪರೀಕ್ಷೆಯೆಂಬುದನ್ನು ಅವರಿಗೆ ತಿಳಿಸಿರಲಿಲ್ಲ. ಕಂಪ್ಲಿಯ ಮುದುಕಿಯ ಪ್ರಶ್ನೆಯನ್ನು ಅವರೂ ಕೇಳಬಹುದಾಗಿತ್ತು.

ಆಮೇಲೆ ಒಬ್ಬರಿಗೆ ಒಂದೇ ಸೂಜಿ ಎಂಬ ನಿಯಮ ಬಂದಿತು. ಒಳಗೆ ಗಾಳಿ ತೆಗೆದ, ಬಣ್ಣಬಣ್ಣದ ಮುಚ್ಚಳದ ಟ್ಯೂಬುಗಳು ಬಂದವು. ಅಮೆರಿಕದಲ್ಲಿ ಜೋಸೆಫ್ ಕ್ಲೈನರ್ 1940ರ ದಶಕದಲ್ಲಿ ರೂಪಿಸಿದ ಈ ವಿಧಾನ ನಮ್ಮ ಕಡೆ ತಲುಪಿದ್ದು ಬಹಳ ತಡವಾಗಿ. ನೀಲಿ ಮುಚ್ಚಳದಲ್ಲಿ ಸಿಟ್ರೇಟ್, ಹೆಪ್ಪುಗಟ್ಟುವ ಕಾಲವನ್ನು ಅಳೆಯಲು, ಕೆಂಪು ಮುಚ್ಚಳದ್ದು ರಕ್ತ ಹೆಪ್ಪುಗಟ್ಟಿ ತಿಳಿಯಾದ ಸೀರಂ ಬೇರ್ಪಡಲು, ನೇರಳೆಯಲ್ಲಿ ಇ.ಡಿ.ಟಿ.ಎ., ರಕ್ತಕಣಗಳನ್ನು ಎಣಿಸಲು; ಬೂದು ಬಣ್ಣದಲ್ಲಿ ಫ್ಲೋರೈಡ್, ಸಕ್ಕರೆ ಅಳೆಯಲು. ಹೊರಗೆ ಬಂದ ಮೇಲೂ ರಕ್ತಕಣಗಳು ಬದುಕಿರುತ್ತವೆ, ಗಂಟೆಗೆ ನೂರಕ್ಕೆ ಐದಾರು ಪಾಲು ಸಕ್ಕರೆಯನ್ನು ತಿನ್ನುತ್ತಲೇ ಇರುತ್ತವೆ. ಫ್ಲೋರೈಡ್ ಅದನ್ನು ತಡೆಯುತ್ತದೆ. ಟ್ಯೂಬುಗಳನ್ನು ತುಂಬುವುದು ನಾನು ಹೇಳಿದ ಈ ಅನುಕ್ರಮದಲ್ಲಿಯೇ. ನೇರಳೆಯದನ್ನು ಮೊದಲು ತುಂಬಿದರೆ ಅದರ ಪೊಟ್ಯಾಸಿಯಂ ಲವಣದ ಸೋಂಕು ಕೆಂಪಿನದಕ್ಕೆ ತಗಲಿ, ರೋಗಿಯ ಪೊಟ್ಯಾಸಿಯಂ ಇಲ್ಲದ ಏರಿಕೆಯನ್ನೂ ಕ್ಯಾಲ್ಸಿಯಂ ಇಲ್ಲದ ಇಳಿಕೆಯನ್ನೂ ತೋರಿಸುತ್ತದೆ. ಟ್ಯೂಬನ್ನು ಮೆಲ್ಲನೆ ಎಂಟು ಹತ್ತು ಸಲ ಮಗುಚಬೇಕೇ ಹೊರತು ಕುಲುಕಬಾರದು. ಕುಲುಕಿದರೆ ಕಣಗಳು ಒಡೆಯುತ್ತವೆ.

ಇಷ್ಟೆಲ್ಲ ಕಲಿತವನು ಯಾವುದರಲ್ಲಿ ಎಡವಿದೆನೆಂಬುದನ್ನು ಹೇಳಿ ಈ ಮಾತು ಮುಗಿಸುತ್ತೇನೆ. ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ ತನ್ನ ಮತ್ತು ತನ್ನ ಸಹೋದ್ಯೋಗಿಗಳ ರಕ್ತವನ್ನು ಒಬ್ಬರದಕ್ಕೆ ಒಬ್ಬರದನ್ನು ಬೆರೆಸಿ ನೋಡಿ, ರಕ್ತದಲ್ಲಿ ಗುಂಪುಗಳಿವೆಯೆಂದು 1901ರಲ್ಲಿ ಪ್ರಕಟಿಸಿದ. ಆತ ಕಂಡದ್ದು ಮೂರು ಗುಂಪು. ನಾಲ್ಕನೆಯದು ಮರುವರ್ಷ ತಿಳಿಯಿತು. ಹೊಂದದ ಗುಂಪಿನ ರಕ್ತ ಮೈಗೆ ಸೇರಿದರೆ ಕಣಗಳು ಮುದ್ದೆಗಟ್ಟಿ ಒಡೆದು ಪ್ರಾಣಕ್ಕೇ ಮುಳುವಾಗುತ್ತದೆ. ಇದು ನನಗೆ ಬಾಯಿಪಾಠವಾಗಿತ್ತು.

ನಮ್ಮ ಸೀಮೆಯಲ್ಲಿ ಹೆಸರುಗಳ ಸಮೃದ್ಧಿ ಕಡಿಮೆ. ಬೆಟ್ಟದ ಮೇಲೆ ಕುಮಾರಸ್ವಾಮಿ, ಹೊಳೆಯ ಆಚೆ ಹುಲಿಗೆಮ್ಮ, ಎಲ್ಲೆಲ್ಲಿಯೂ ಹನುಮಂತ. ಆಸ್ಪತ್ರೆಯ ಪಡಸಾಲೆಯಲ್ಲಿ ಒಂದು ಹೆಸರು ಕೂಗಿದರೆ ಮೂವರು ಏಳುತ್ತಾರೆ. ಎಂಬತ್ತರ ದಶಕದ ಒಂದು ಮಧ್ಯಾಹ್ನ, ಆಗ ನಾನಿದ್ದ ಆಸ್ಪತ್ರೆಯಲ್ಲಿ ಒಂದೇ ಹೆಸರಿನ ಇಬ್ಬರು ಬಸುರಿಯರು ಅಕ್ಕಪಕ್ಕದ ಮಂಚಗಳಲ್ಲಿದ್ದರು. ಇಬ್ಬರ ರಕ್ತವನ್ನೂ ತೆಗೆದೆ. ಮೇಜಿಗೆ ಹೋಗಿ ಬರೆದರಾಯಿತೆಂದು ಟ್ಯೂಬುಗಳನ್ನು ತಟ್ಟೆಯಲ್ಲಿಟ್ಟುಕೊಂಡು ನಡೆದೆ. ದಾರಿಯಲ್ಲಿ ಯಾರೋ ಮಾತನಾಡಿಸಿದರು. ಮೇಜಿನ ಮುಂದೆ ಕುಳಿತು ನೆನಪಿನಿಂದ ತಂದೆಯ ಹೆಸರು, ಊರು ಬರೆದೆ.

ಒಬ್ಬಳಿಗೆ ಅಂದು ಸಂಜೆ ಶಸ್ತ್ರಕ್ರಿಯೆ, ರಕ್ತ ಕೊಡಬೇಕಾಗಿತ್ತು. ನನ್ನ ಚೀಟಿಯಲ್ಲಿ ಬಿ ಗುಂಪು ಎಂದಿತ್ತು. ರಕ್ತನಿಧಿಯ ಹಿರಿಯರೊಬ್ಬರು, ನನ್ನ ಟ್ಯೂಬನ್ನು ಬಳಸದೆ ಹೊಸದಾಗಿ ತೆಗೆಸಿದ ಮಾದರಿಯಿಂದ ಹೊಂದಾಣಿಕೆಯ ಪರೀಕ್ಷೆ ಮಾಡಿದರು. ರಕ್ತ ಮರಳಿನ ಕಣಗಳಂತೆ ಮುದ್ದೆಗಟ್ಟಿತು. ಆಕೆಯದು ಒ ಗುಂಪು. ಆ ಹಿರಿಯರು ನನ್ನನ್ನು ಬೈಯಲಿಲ್ಲ. ಸ್ಲೈಡನ್ನು ನನ್ನ ಕೈಗೆ ಕೊಟ್ಟು, "ನೋಡು" ಎಂದರಷ್ಟೆ. ಸರಿಯಾದ ರಕ್ತ ಸಿಗುವುದು ರಾತ್ರಿಯಾಯಿತು. ತಾಯಿ, ಮಗು ಇಬ್ಬರೂ ಉಳಿದರು. ಬಾಗಿಲಲ್ಲಿ ಕಾದು ನಿಂತಿದ್ದ ಆಕೆಯ ಗಂಡ, "ಯಾಕ ಇಷ್ಟು ತಡ ಆತು ಸರ್?" ಎಂದು ಕೇಳಿದ. ರಕ್ತ ಸಿಗುವುದು ಕಷ್ಟವಾಯಿತೆಂದು ಹೇಳಿದೆ. ಅದು ಸುಳ್ಳಲ್ಲ, ನಿಜವೂ ಅಲ್ಲ. ಹತ್ತು ದಿನದೊಳಗೆ ಬಂದು ಹೇಳುತ್ತೇನೆಂದು ಮುದುಕಿಗೆ ಮಾತು ಕೊಟ್ಟು ನಡೆಸಿದ್ದ ನಾನು, ಈತನಿಗೆ ಕೊಡಬೇಕಾಗಿದ್ದ ಉತ್ತರವನ್ನು ಕೊಡಲಿಲ್ಲ. ಆ ಬಾಕಿ ಇಂದಿಗೂ ಉಳಿದಿದೆ.

ಅಂದಿನಿಂದ ನಿವೃತ್ತನಾಗುವವರೆಗೂ ರೋಗಿಯ ಪಕ್ಕ ಬಿಟ್ಟೇಳುವ ಮೊದಲೇ ಟ್ಯೂಬಿನ ಮೇಲೆ ಹೆಸರು ಬರೆದೆ. "ನೀವು ಇಂಥವರಲ್ಲವೆ?" ಎಂದು ಯಾರನ್ನೂ ಕೇಳಲಿಲ್ಲ, ಹಾಗೆ ಕೇಳಿದರೆ ಜ್ವರದ ಮಂಪರಿನಲ್ಲಿರುವವರು, ಭಯದಲ್ಲಿರುವವರು ಯಾವ ಹೆಸರಿಗೂ ಹೌದೆನ್ನುತ್ತಾರೆ. "ನಿಮ್ಮ ಹೆಸರು ಹೇಳಿ, ತಂದೆಯ ಹೆಸರು ಹೇಳಿ, ಊರು ಹೇಳಿ" ಎಂದು ಅವರ ಬಾಯಿಂದಲೇ ಹೇಳಿಸುತ್ತಿದ್ದೆ. ನನ್ನ ನೆರೆಮನೆಯವರಿಂದಲೂ ಹೇಳಿಸುತ್ತಿದ್ದೆ; ಅವರು ನಗುತ್ತಿದ್ದರು.

ಶ್ರೋತೃಗಳಲ್ಲಿ ಒಂದು ವಿನಂತಿ. ನಾಳೆ ನೀವು ಆಸ್ಪತ್ರೆಯಲ್ಲಿ ತೋಳು ಚಾಚಿ ಕುಳಿತಾಗ, ಚೀಟಿಯಲ್ಲಿ ಬರೆದಿರುವ ಹೆಸರನ್ನೇ ಆ ಹುಡುಗನೋ ಹುಡುಗಿಯೋ ಮತ್ತೆ ಕೇಳಿದರೆ ಬೇಸರಪಡಬೇಡಿ. ಪೂರ್ತಿ ಹೆಸರನ್ನು ಗಟ್ಟಿಯಾಗಿ ಹೇಳಿ. ಕೇಳದೆ ಹೋದರೆ ನೀವಾಗಿಯೇ ಹೇಳಿ. ಅವರು ನಿಮ್ಮ ಕಣ್ಣೆದುರಿಗೆ ಅದನ್ನು ಟ್ಯೂಬಿನ ಮೇಲೆ ಬರೆಯುವವರೆಗೆ ಕುರ್ಚಿಯಿಂದ ಏಳಬೇಡಿ. ಆಮೇಲೆ, ಈ ರಕ್ತದಲ್ಲಿ ಏನು ಕಂಡಿತೆಂದು ಯಾವಾಗ ಹೇಳುತ್ತೀರಿ ಎಂದು ಕೇಳಿ. ಕೇಳುವ ಹಕ್ಕು ನಿಮಗುಂಟು.